ಒಣ ಗಂಟು

ಮನೆ ಕೊಳ್ಳಲು ಹೊರಟವರು ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದು ಒಂದೇ ಮಾತು. ಬಿಸಿಲಿನ ದಿನ ಮನೆ ನೋಡಲು ಹೋಗಬೇಡಿ, ಮಳೆ ಹಿಡಿದ ದಿನ ಹೋಗಿ. ಹೋದವರು ಮುಂದಿನ ಕೋಣೆ ನೋಡಿ ಮರುಳಾಗದೆ ಸೀದಾ ಅಡಿಗೆಮನೆಗೆ ನಡೆಯಿರಿ. ಕಿಟಕಿಯ ಕೆಳಗಿನ ಹಲಗೆಯ ಮೇಲೆ ಅಂಗೈ ಇಟ್ಟು ಒತ್ತಿ. ಹಲಗೆ ಮೆತ್ತಗಾಗಿದ್ದರೆ ಗೋಡೆಯೊಳಗೆ ನೀರು ಸೇರಿದೆ ಎಂದು ಅರ್ಥ; ಬೆಲೆ ಇಳಿಸಲು ಅದೊಂದೇ ಸಾಕು. ಹಾಗೆಯೇ ಆ ಹಲಗೆಯ ಮೇಲೆ ಏನೇನು ಇಟ್ಟಿದ್ದಾರೆ ಎಂಬುದನ್ನೂ ನೋಡಿಕೊಳ್ಳಿ. ಆ ಮನೆಯವರು ಯಾವುದಕ್ಕೆ ಹೆದರುತ್ತಾರೆ, ಯಾವುದನ್ನು ಕಾಪಾಡಿಕೊಂಡು ಬಂದಿದ್ದಾರೆ, ಎಲ್ಲ ಅಲ್ಲಿ ಕಾಣುತ್ತದೆ. ನಾನು ಹತ್ತು ವರ್ಷದವಳಿದ್ದಾಗ, ಈ ಪರದೇಶದಲ್ಲಿ, ಗ್ರೀನ್‌ಫರ್ಡಿನ ನಮ್ಮ ಮನೆಯ ಕಿಟಕಿಯ ಹಲಗೆಯ ಮೇಲೆ ಒಂದು ತುಳಸಿಯ ಕುಂಡವಿತ್ತು, ವರ್ಷಕ್ಕೆ ಎರಡು ಸಲ ಸತ್ತು ಮತ್ತೆ ನಮ್ಮವರ ಅಂಗಡಿಗಳಿರುವ ಸೌತ್‌ಹಾಲಿನಿಂದ ಬರುತ್ತಿತ್ತು. ಅಪ್ಪನ ಗಾಜು ಒಡೆದ ಗಡಿಯಾರವಿತ್ತು. ಅವೆರಡರ ನಡುವೆ ಅಜ್ಜಿಯ ಟಪಾಲಿನ ಬಟ್ಟಲಿತ್ತು. ಚಿಕ್ಕದೊಂದು ಸ್ಟೀಲಿನ ಬಟ್ಟಲು, ಅದರಲ್ಲಿ ಒದ್ದೆ ಹತ್ತಿ. ಧಾರವಾಡಕ್ಕೆ ಬರೆಯುವ ಕಾಗದಗಳ ಲಕೋಟೆ, ಸ್ಟ್ಯಾಂಪು ಎಲ್ಲ ಆ ಹತ್ತಿಗೆ ಮುಟ್ಟಿಸಿಯೇ ಅಂಟಿಸಬೇಕು. ನಾಲಿಗೆ ಮುಟ್ಟಿಸುವ ಹಾಗಿಲ್ಲ.

ನಮ್ಮ ಮನೆಯಲ್ಲಿ ಎಂಜಲು ಎನ್ನುವುದು ದೊಡ್ಡ ವಿಷಯ. ನೀರು ಕುಡಿಯುವಾಗ ಲೋಟ ತುಟಿಗೆ ತಾಗುವ ಹಾಗಿರಲಿಲ್ಲ. ಕತ್ತು ಮೇಲೆ ಮಾಡಿ ಎತ್ತಿ ಸುರಿದುಕೊಳ್ಳಬೇಕು. ಶಾಲೆಯಲ್ಲಿ ನಾನು ಹಾಗೆ ಕುಡಿದು ಅಂಗಿಯ ಎದೆಯೆಲ್ಲ ತೋಯಿಸಿಕೊಂಡು ನಗೆಪಾಟಲಾಗಿದ್ದೆ. ಪುಸ್ತಕದ ಹಾಳೆ ತಿರುವಲು ಬೆರಳಿಗೆ ನಾಲಿಗೆ ಹಚ್ಚಿದರೆ ಅಜ್ಜಿ ದೂರದಿಂದಲೇ ಕೆಮ್ಮುತ್ತಿದ್ದಳು. ಒಂದು ಸಲ ಅವಸರದಲ್ಲಿ ಸ್ಟ್ಯಾಂಪು ನೆಕ್ಕಿ ಅಂಟಿಸಿಬಿಟ್ಟೆ. ಅಜ್ಜಿ ನೋಡಿದಳು. ಬೆನ್ನ ಮೇಲೆ ಒಂದೇ ಏಟು ಬಿತ್ತು, ಆದರೆ ಏಟಿಗಿಂತ ಮಾತು ಹೆಚ್ಚು ಉರಿಯಿತು.

“ನಿನ್ನ ಎಂಜಲಾ ಊರಾಗಿನ ಮಂದಿ ಕೈಗೆ ಕೊಡತೀಯೇನ? ಅವರೇನು ನಿನ್ನ ಮಕ್ಕಳೇನು?”

ಆ ಕಾಗದವನ್ನು ಹರಿದುಹಾಕಿ ಅಪ್ಪ ಇಡೀ ಇನ್ನೊಂದು ಬರೆಯಬೇಕಾಯಿತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಾನು ಆ ಮೇಲೆ ಮಾಡಿದ್ದಕ್ಕೆ ಇದು ನೆಪವಲ್ಲದಿದ್ದರೂ ಕಾರಣ ಹೌದು. ನೆಪಕ್ಕೂ ಕಾರಣಕ್ಕೂ ಇರುವ ವ್ಯತ್ಯಾಸವನ್ನು ವ್ಯಾಪಾರದಲ್ಲಿ ಬಹಳ ಬೇಗ ಕಲಿಯುತ್ತೇವೆ.

ಅವ್ವ ಆ ದಿನಗಳಲ್ಲಿ ಮಾತು ಬಿಟ್ಟಿದ್ದಳು. ಜಗಳವಾಡಿ ಬಿಟ್ಟಿದ್ದಲ್ಲ, ಮಾತಾಡಲು ಏನೂ ಉಳಿದಿರಲಿಲ್ಲ, ಅಷ್ಟೆ. ಮದುವೆಗೆ ಮುಂಚೆ ಅವಳು ಓಣಿಯ ಹೆಂಗಸರಿಗೆಲ್ಲ ಗೆಜ್ಜೆವಸ್ತ್ರ ಮಾಡಿಕೊಡುತ್ತಿದ್ದಳಂತೆ. ದೇವರಿಗೆ ಏರಿಸುವ ಹತ್ತಿಯ ಹಾರ. ಅವಳು ಮಾಡಿದ ಹಾರದಲ್ಲಿ ಎಷ್ಟು ಗಂಟುಗಳಿದ್ದರೂ ಅಷ್ಟೂ ಒಂದೇ ಅಳತೆ ಇರುತ್ತಿದ್ದವು ಎಂದು ಅಪ್ಪನೇ ಹೇಳುತ್ತಿದ್ದ. ಗ್ರೀನ್‌ಫರ್ಡಿನಲ್ಲಿ ಅವಳಿಗೆ ಓಣಿಯೇ ಇರಲಿಲ್ಲ. ಬೆಳಿಗ್ಗೆ ಭಕ್ರಿ ಬಡಿಯುತ್ತಿದ್ದಳು. ಆ ಸದ್ದಿಗೆ ಪಕ್ಕದ ಮನೆಯ ಮುದುಕಿ ಗೋಡೆ ಕುಟ್ಟುತ್ತಿದ್ದಳು, ನಾವು ಹೊತ್ತಲ್ಲದ ಹೊತ್ತಿನಲ್ಲಿ ಮೊಳೆ ಹೊಡೆಯುತ್ತಿದ್ದೇವೆ ಎಂದು. ಆ ಮೇಲೆ ಅವ್ವ ಹಿಟ್ಟನ್ನು ಮಡಿಚಿದ ಟವೆಲಿನ ಮೇಲೆ ಹಲಗೆ ಇಟ್ಟು ಮೆಲ್ಲಗೆ ತಟ್ಟಲು ಶುರು ಮಾಡಿದಳು. ಭಕ್ರಿ ದಪ್ಪವಾಗತೊಡಗಿತು. ಅಜ್ಜಿ ದಿನಾ ಅದನ್ನು ಎತ್ತಿ ಹಿಡಿದು, “ಇದನ್ನ ಬಾಗಲಿಗೆ ಅಡ್ಡ ಇಟ್ಟರ ಕಳ್ಳರು ಬರಂಗಿಲ್ಲ” ಎನ್ನುತ್ತಿದ್ದಳು. ಅಪ್ಪ ನಗುತ್ತಿದ್ದ. ಅವ್ವ ನಗುತ್ತಿರಲಿಲ್ಲ. ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಅವಳು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಬೆಳಿಗ್ಗೆ ನಾನು ಬಿಟ್ಟು ಹೋದ ಹಾಗೆಯೇ ಕೂತಿರುತ್ತಿದ್ದಳು. ಅಂಗಡಿಗೆ ಒಬ್ಬಳೇ ಹೋಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಯಾರಾದರೂ ಏನಾದರೂ ಕೇಳಿದರೆ ನನ್ನ ಮುಖ ನೋಡುತ್ತಿದ್ದಳು. ಜಿಪಿ ಡಾಕ್ಟರರ ಹತ್ತಿರ, ಕೌನ್ಸಿಲ್ ಆಫೀಸಿನಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಅವಳ ಬಾಯಿ ನಾನೇ.

ಅಪ್ಪ ಒಂದು ಬಿಸ್ಕತ್ತಿನ ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸದಲ್ಲಿದ್ದ. ಅದರ ಮಗ್ಗುಲಿಗೆ ತಗಡಿನ ಛಾವಣಿಯ ಒಂದು ಸಣ್ಣ ಕಾರ್ಖಾನೆ, ಲೆನ್ ಎಂಬವನದು. ಲೆನ್ ಹರೆಯದಲ್ಲಿ ಕೆನಡಾದ ಯಾವುದೋ ದೊಡ್ಡ ಕೆರೆಯ ಮೇಲೆ, ಸಮುದ್ರದಷ್ಟೇ ದೊಡ್ಡ ಕೆರೆಯಂತೆ, ಮೀನು ಹಿಡಿಯುವವರನ್ನು ದೋಣಿಯಲ್ಲಿ ಕರೆದೊಯ್ಯುವ ಕೆಲಸ ಮಾಡುತ್ತಿದ್ದವ. ಅಲ್ಲಿ ಉಕ್ಕಿನ ತಂತಿಗೆ ಸಿಕ್ಕಿ ಬಲಗೈಯ ಎರಡು ಬೆರಳು ಅರ್ಧಕ್ಕೆ ಹೋಗಿದ್ದವು. ಊರಿಗೆ ಮರಳಿ ಬಂದು ಸಾಲ್ಮನ್, ಟ್ರೌಟ್ ಮೀನುಗಳನ್ನು ಹಿಡಿಯಲು ಬೇಕಾದ ಸಾಮಾನು ತಯಾರಿಸಿ ಆ ಕಡೆಗೇ ಕಳಿಸುತ್ತಿದ್ದ. ಗಂಟು ಕಟ್ಟಲು ಚುರುಕು ಬೆರಳಿನವರು ಬೇಕು, ಮನೆಯಲ್ಲೇ ಕೂತು ಮಾಡಬಹುದು ಎಂದು ಅವನು ಹೇಳಿದಾಗ ಅಪ್ಪ ಮರುದಿನ ಅವ್ವ ಮಾಡಿದ ಒಂದು ಗೆಜ್ಜೆವಸ್ತ್ರ ಜೇಬಿನಲ್ಲಿಟ್ಟುಕೊಂಡು ಹೋಗಿ ತೋರಿಸಿದ. ಲೆನ್ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದನಂತೆ.

ಮನೆಯಲ್ಲಿ ಮಾತು ತೆಗೆದಾಗ ಅಜ್ಜಿ ಜಪಮಾಲೆ ಕೆಳಗಿಟ್ಟಳು.

“ಮೀನಾ? ಈ ಮನ್ಯಾಗ? ನಿನಗ ತಲಿ ಗಿಲಿ ತಿರಗೇದೇನು?”

“ನಾವೇನು ಮೀನಾ ಹಿಡೀತೇವೇನವಾ? ದಾರಾ ಕಟ್ಟತೇವಿ, ಅಷ್ಟs.”

“ಉರಲಿಗೆ ಹಗ್ಗಾ ಮಾರಿದಾಂವನೂ ಹಂಗs ಅಂದಿರತಾನ. ಒಂದು ಗಾಳಾ ಈ ಹೊಸ್ತಿಲಾ ದಾಟಂಗಿಲ್ಲ, ನೋಡು.”

ಅಪ್ಪ ಬೂಟು ಬಿಚ್ಚಲು ಬಗ್ಗಿದ. ಅವ್ವ ಕುರ್ಚಿಯಿಂದ ಎದ್ದು ನಿಂತಿದ್ದಳು. ಅವಳು ಹಾಗೆ ಎದ್ದು ನಿಂತಿದ್ದನ್ನು ನಾನು ನೋಡಿದೆ. ಮರುದಿನ ಶಾಲೆ ಬಿಟ್ಟ ಮೇಲೆ ನೇರ ಲೆನ್‌ನ ಕಾರ್ಖಾನೆಗೆ ಹೋದೆ. ಅಜ್ಜಿ ಹೇಳಿದ್ದು ಗಾಳ ಬೇಡವೆಂದು ಮಾತ್ರ; ದಾರ ಬೇಡವೆಂದು ಅಲ್ಲ. ಗಾಳವಿಲ್ಲದ ಸಾಮಾನು ಕಳಿಸಿ, ಗಾಳ ನೀವೇ ಸೇರಿಸಿಕೊಳ್ಳಿ ಎಂದೆ. ಹೇಳಿ ಬಾಯಿ ಮುಚ್ಚಿಕೊಂಡು ನಿಂತೆ. ಲೆನ್ ನಕ್ಕ, ಕೆಮ್ಮಿದ, ಬೇರೆ ಕೆಲಸ ನೋಡಿದ. ನಾನು ನಿಂತೇ ಇದ್ದೆ. ಕೊನೆಗೆ ಅವನು ಒಪ್ಪಿದ. ಅದು ನನ್ನ ಜೀವನದ ಮೊದಲ ಚೌಕಾಸಿ. ಇವತ್ತಿಗೂ ನನ್ನ ಹತ್ತಿರ ಕೆಲಸ ಕಲಿಯಲು ಬರುವವರಿಗೆ ಹೇಳಿಕೊಡುವುದು ಅದನ್ನೇ: ನಿಮ್ಮ ಮಾತು ಹೇಳಿ, ಆ ಮೇಲೆ ಸುಮ್ಮನಿರಿ. ಮೊದಲು ಬಾಯಿ ಬಿಟ್ಟವರು ಸೋತರು. ಮನೆಗೆ ಬಂದು ಅಜ್ಜಿಗೆ ಹೇಳಿದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ವಕೀಲರ ಹೊಟ್ಟ್ಯಾಗ ಹುಟ್ಟಬೇಕಾಗಿತ್ತು ನೀ” ಎಂದಳು. ಅದು ಒಪ್ಪಿಗೆ. ಆದರೆ ಎಷ್ಟು ತೆಳ್ಳಗಿನ ಒಪ್ಪಿಗೆ ಎಂಬುದು ನನಗೆ ಗೊತ್ತಿತ್ತು. ಇನ್ನೊಂದು ತೊಡಕು ಬಂದರೆ ಹರಿಯುವಂಥದು.

ಶನಿವಾರ ಲೆನ್ ಮನೆಗೆ ಬಂದ. ಅಪ್ಪ ಕೆಲಸದಲ್ಲಿದ್ದ. ಅಡಿಗೆಮನೆಯ ಮೇಜಿನ ಮೇಲೆ ನೈಲಾನ್ ದಾರದ ಉರುಳೆ, ಸಣ್ಣ ಸಣ್ಣ ತಿರುಗುವ ಕೊಂಡಿಗಳು, ಹಿಡಿ ಮುರಿದ ಚಮಚದಂತಿದ್ದ ಹೊಳೆಯುವ ತಗಡುಗಳು. ಬಾಗಿಲ ಹತ್ತಿರ ಅಜ್ಜಿ ಕೂತಳು, ಕಾವಲಿಗೆ. ಲೆನ್ ನಮ್ಮ ತರಕಾರಿ ಬುಟ್ಟಿಯಿಂದ ಒಂದು ಆಲೂಗಡ್ಡೆ ತೆಗೆದು ದಾರಕ್ಕೆ ಕಟ್ಟಿ ಮೇಜಿನ ಅಂಚಿನಿಂದ ಕೆಳಗೆ ಇಳಿಬಿಟ್ಟ. ಮೇಜೇ ದೋಣಿ, ಆಲೂಗಡ್ಡೆಯೇ ಭಾರದ ಗುಂಡು, ನೆಲವೇ ಕೆರೆಯ ತಳ. ಬೇಸಿಗೆಯಲ್ಲಿ ಈ ಮೀನುಗಳು ತಣ್ಣೀರು ಹುಡುಕಿಕೊಂಡು ಆಳಕ್ಕೆ ಹೋಗುತ್ತವೆ. ಅಷ್ಟು ಆಳಕ್ಕೆ ತಗಡು ಇಳಿಯಬೇಕಾದರೆ ಭಾರ ಬೇಕು. ಹಾಗಾಗಿ ದೋಣಿಯ ಪಕ್ಕದಿಂದ ಉಕ್ಕಿನ ತಂತಿಯಲ್ಲಿ ಸೀಸದ ಗುಂಡು ಇಳಿಸುತ್ತಾರೆ, ಡೌನ್‌ರಿಗ್ಗರ್ ಎನ್ನುತ್ತಾರೆ ಅದಕ್ಕೆ. ಮೀನು ಹಿಡಿಯುವ ಕೋಲಿನ ದಾರವನ್ನು ಆ ಗುಂಡಿನ ಹತ್ತಿರ ಒಂದು ಚಿಮಟಿಗೆ ಕಚ್ಚಿಸುತ್ತಾರೆ. ದಾರದ ತುದಿಯಲ್ಲಿ ಹೊಳೆಯುವ ತಗಡು, ಅದೇ ಮೀನಿಗೆ ಆಸೆ ತೋರಿಸುವುದು. ದೋಣಿ ಮೆಲ್ಲಗೆ ಹೋಗುತ್ತದೆ, ತಗಡು ಆಳದಲ್ಲಿ ಹಿಂದೆ ಹಿಂದೆ ಈಜುತ್ತ ಬರುತ್ತದೆ. ಇಷ್ಟನ್ನು ನಾನು ವಾಕ್ಯ ವಾಕ್ಯವಾಗಿ ಕನ್ನಡದಲ್ಲಿ ಹೇಳಿದೆ. ಒಂದು ದಾರಕ್ಕೆ ಒಂದೇ ತಗಡಾದರೆ ಒಂದೇ ಆಳಕ್ಕೆ ಹುಡುಕಿದ ಹಾಗಾಯಿತು. ಅದಕ್ಕೆ ಜಾಣರು ಇನ್ನೊಂದನ್ನು ಸೇರಿಸುತ್ತಾರೆ. ಒಂದು ಮಾರು ಉದ್ದದ ಗಿಡ್ಡ ದಾರ, ಅದರ ಒಂದು ತುದಿಗೆ ತಗಡು, ಇನ್ನೊಂದು ತುದಿಗೆ ಕೊಂಡಿ. ಆ ಕೊಂಡಿಯನ್ನು ದೊಡ್ಡ ದಾರಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟರೆ ಅದು ತಾನಾಗಿ ಜಾರಿ ಹೋಗಿ ನಡುನೀರಿನಲ್ಲಿ ನಿಲ್ಲುತ್ತದೆ. ಮೀನು ಅದನ್ನು ಕಚ್ಚಿದ ಕೂಡಲೇ ದೊಡ್ಡ ದಾರ ಚಿಮಟಿಯಿಂದ ಬಿಡಿಸಿಕೊಳ್ಳುತ್ತದೆ. ಗಿಡ್ಡ ದಾರ ಅದರ ಗುಂಟ ಸರ್ರನೆ ಜಾರಿ ಕೊನೆಯ ತಗಡಿಗೆ ಹೋಗಿ ಅಪ್ಪಳಿಸುತ್ತದೆ.

ಅವ್ವ ಅಷ್ಟು ಹೊತ್ತು ಆಲೂಗಡ್ಡೆಯನ್ನೇ ನೋಡುತ್ತಿದ್ದಳು. ತಿಂಗಳುಗಟ್ಟಲೆ ಆದ ಮೇಲೆ ಅವಳಾಗಿ ಒಂದು ಮಾತು ಆಡಿದಳು.

“ಅಂಜಿಕಿ ಆದ ಕೂಡಲೆ ಕೂಸು ಅವ್ವನ ಕಡೆ ಓಡಿ ಹೋಗತದಲ್ಲ, ಹಂಗs ಏನು?”

ನಾನು ಅದನ್ನು ಲೆನ್‌ಗೆ ಹೇಳಿದೆ. ಅವನಿಗೆ ಎಷ್ಟು ಇಷ್ಟವಾಯಿತೆಂದರೆ ಮೇಜು ಗುದ್ದಿದ. ಅವತ್ತಿನಿಂದ ಆ ಗಿಡ್ಡ ದಾರಕ್ಕೆ ನಮ್ಮ ಮನೆಯಲ್ಲಿ ಕೂಸು ಎಂದೇ ಹೆಸರು. ಅಪ್ಪ ಕೆಲಸದಿಂದ ಬಂದವನೇ “ಇವತ್ತು ಎಷ್ಟು ಕೂಸು ಹಡದಿ?” ಎಂದು ಕೇಳಿ ಅಜ್ಜಿಯ ಕೈಲಿ ಬೈಸಿಕೊಳ್ಳುತ್ತಿದ್ದ.

ಕೊನೆಗೆ ಗಂಟಿನ ಪಾಠ. ಕೊಂಡಿಯ ಕಣ್ಣಿನೊಳಗೆ ದಾರ ಹಾಯಿಸಿ, ಐದು ಸುತ್ತು ಸುತ್ತಿ, ಮೊದಲ ಕುಣಿಕೆಯೊಳಗೆ ತೂರಿಸಿ, ಅಲ್ಲಿಂದ ದೊಡ್ಡ ಕುಣಿಕೆಯೊಳಗೆ. ಅವ್ವ ಒಂದು ಸಲ ನೋಡಿದಳು, ಎರಡನೆಯ ಸಲಕ್ಕೆ ಅವನ ಜೊತೆಗೇ ಕಟ್ಟಿದಳು. ಬಿಗಿಯುವ ಮುಂಚೆ ಲೆನ್ ಗಂಟನ್ನು ಬಾಯಿಗೆ ಹಾಕಿಕೊಂಡು ಎಂಜಲಲ್ಲಿ ನೆನೆಸಿ, ತೆಗೆದು, ಆ ಮೇಲೆ ಎಳೆದ. ಎಳೆದು ನನ್ನ ಕಡೆ ತಿರುಗಿದ.

“ಇದನ್ನು ಅಮ್ಮನಿಗೆ ಸರಿಯಾಗಿ ಹೇಳು ಮಗು. ಎಳೆಯುವ ಮುಂಚೆ ಒದ್ದೆ ಮಾಡಲೇಬೇಕು. ಬಾಯಿಯ ಉಗುಳೇ ಒಳ್ಳೆಯದು. ಒಣಗಿದ್ದನ್ನೇ ಎಳೆದರೆ ದಾರ ಉಜ್ಜಿ ಬಿಸಿಯಾಗಿ ಒಳಗೊಳಗೇ ಸುಟ್ಟುಹೋಗುತ್ತದೆ. ಮೇಲೆ ಏನೂ ಕಾಣಿಸುವುದಿಲ್ಲ.”

ಅವ್ವ ಕೇಳಿದಳು:

“ಬಾಯಾಗ ಯಾಕ ಹಾಕ್ಕೊಂಡ ಅವಾ? ಏನಂತಾನ?”

ಬಾಗಿಲಲ್ಲಿ ಅಜ್ಜಿಯ ಜಪಮಾಲೆ ನಿಂತಿತ್ತು. ಸ್ಟ್ಯಾಂಪಿನ ಏಟು ಬಿದ್ದ ಜಾಗ ನನಗೆ ಬೆನ್ನಲ್ಲಿ ಬೆಚ್ಚಗಾಯಿತು. ಗಾಳ ಬೇಡವೆಂದವಳು ಎಂಜಲನ್ನು ಒಪ್ಪುತ್ತಾಳೆಯೇ? ಈ ಒಂದು ವಾಕ್ಯ ಹೇಳಿದರೆ ಮೇಜಿನ ಮೇಲಿನ ದಾರ, ಕೊಂಡಿ, ಹೊಳೆಯುವ ತಗಡು ಎಲ್ಲ ಪೆಟ್ಟಿಗೆಗೆ ಮರಳುತ್ತವೆ, ಅವ್ವ ಕುರ್ಚಿಗೆ ಮರಳುತ್ತಾಳೆ. ನಾನು ಹೆಚ್ಚು ಯೋಚಿಸಲಿಲ್ಲ.

“ಅವಗ ಬೆರಳಿಲ್ಲಲ್ಲವಾ, ಅದಕ್ಕ ಹಲ್ಲಿನಾಗ ಹಿಡದು ಜಗ್ಗತಾನಂತ. ನಿನಗೇನು ಬೇಕಾಗಂಗಿಲ್ಲಂತ.”

“ಅಯ್ಯ ಪಾಪ,” ಎಂದಳು ಅಜ್ಜಿ ಬಾಗಿಲಿನಿಂದ. “ಅವಗೊಂದಿಷ್ಟು ಚಹಾ ಮಾಡವಾ.”

ಲೆನ್ ಅವ್ವನ ಕಡೆ ನೋಡಿ ತಿಳಿಯಿತೇ ಎಂಬಂತೆ ಹುಬ್ಬು ಎತ್ತಿದ. ಅವ್ವ ತಲೆಯಾಡಿಸಿದಳು. ಅವನು ಚಹಾ ಕುಡಿದ, ಲೋಟ ತುಟಿಗೆ ತಾಗಿಸಿಯೇ ಕುಡಿದ, ಹೋದ.

ಆ ವಸಂತ ಮತ್ತು ಬೇಸಿಗೆ ನಮ್ಮ ಮನೆಯಲ್ಲಿ ಇದ್ದ ಹಾಗೆ ಮತ್ತೆ ಯಾವ ಕಾಲವೂ ಇರಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಅಡಿಗೆ ಮಾಡಿಟ್ಟು, ಮೇಜು ಒರೆಸಿ ಅವ್ವ ದಾರ ತೆಗೆಯುತ್ತಿದ್ದಳು. ಮಾರಿನ ಅಳತೆಗೆ ಮೇಜಿನ ಅಂಚಿನಲ್ಲಿ ಕುಂಕುಮದಿಂದ ಎರಡು ಚುಕ್ಕೆ ಇಟ್ಟುಕೊಂಡಿದ್ದಳು. ಹತ್ತತ್ತು ಕೂಸುಗಳನ್ನು ಸೇರಿಸಿ ಒಂದೊಂದು ರಟ್ಟಿಗೆ ಸುತ್ತಿ ಸಾಲಾಗಿ ಇಡುತ್ತಿದ್ದಳು. ಅದರ ಅಚ್ಚುಕಟ್ಟು ನೋಡಲು ಲೆನ್ ತನ್ನ ಕೆಲಸಗಾರರನ್ನು ಕರೆಯುತ್ತಿದ್ದನಂತೆ. ಕೈಯಿಂದ ಜಗ್ಗಿ ನೋಡಿದರೆ ಗಂಟು ನಿಲ್ಲುತ್ತಿತ್ತು. ಒಣಗಂಟಿನ ಗುಣವೇ ಹಾಗೆ. ಮೆಲ್ಲಗೆ ಜಗ್ಗಿದರೆ ನಿಂತೀತು, ಒಮ್ಮೆಲೇ ಹೊಡೆತ ಬಿದ್ದಾಗಲೇ ಅದರ ಬಣ್ಣ ಬಯಲು. ಅವ್ವ ಹಾಡತೊಡಗಿದಳು, ಮೊದಲು ಮೂಗಿನಲ್ಲಿ, ಆ ಮೇಲೆ ಬಾಯಿ ಬಿಟ್ಟು. ಪಕ್ಕದ ಮುದುಕಿ ಗೋಡೆ ಕುಟ್ಟಿದ ದಿನ ಅವ್ವ ತಿರುಗಿ ತಾನೂ ಎರಡು ಸಲ ಕುಟ್ಟಿದಳು. ಟವೆಲ್ ಹೋಯಿತು, ಭಕ್ರಿ ತೆಳ್ಳಗಾಯಿತು. ಒಂದು ದಿನ ನಾನು ಬರುವಷ್ಟರಲ್ಲಿ ಮನೆಯಲ್ಲಿ ಅವ್ವ ಇರಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಸೌತ್‌ಹಾಲಿಗೆ ಹೋಗಿ ಜೋಳದ ಹಿಟ್ಟು, ಬದನೆಕಾಯಿ ತಂದಿದ್ದಳು. ಬದನೆಕಾಯಿ ತುಟ್ಟಿಯಾಯಿತೆಂದು ನಾನು ಬೈದರೆ, “ಮುಂದಿನ ಸಲ ನೀ ಹೇಳಿಕೊಡು, ಹೆಂಗ ಕೇಳಬೇಕಂತ” ಎಂದಳು. ನಾನು ಹೇಳಿಕೊಟ್ಟೆ. ಎರಡು ವಾಕ್ಯ ಇಂಗ್ಲಿಷು, ಆ ಮೇಲೆ ಸುಮ್ಮನಿರುವುದು.

ಬೇಸಿಗೆಯ ನಡುವೆ ಲೆನ್ ಒಂದು ನೀಲಿ ಮೇಲಂಗಿ ತಂದುಕೊಟ್ಟ. ಕಾರ್ಖಾನೆಯಲ್ಲಿ ಕಿಟಕಿಯ ಪಕ್ಕ ಒಂದು ಕುರ್ಚಿ ಖಾಲಿ ಮಾಡಿಸಿದ್ದೇನೆ, ಶಾಲೆಗಳು ಮತ್ತೆ ಶುರುವಾದ ಮೇಲೆ ಅಲ್ಲಿಗೇ ಬಂದು ಉಳಿದವರ ಗಂಟುಗಳನ್ನು ಪರೀಕ್ಷೆ ಮಾಡುವ ಕೆಲಸ ನಿಮ್ಮ ಅಮ್ಮನದು ಎಂದ. ಅವ್ವ ಆ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಹಿಂದಿನ ಕೋಣೆಯ ಕನ್ನಡಿಯ ಮುಂದೆ ನಿಂತಳು. ಜೇಬಿನಲ್ಲಿ ಕೈ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಅಜ್ಜಿ ಬಂದು ನೋಡಿ, “ಥೇಟ್ ಟಪಾಲಿನಾಂವ ಕಂಡಂಗ ಕಾಣತಿ. ನನಗೇನರ ಕಾಗದಾ ಬಂದಾವೇನು?” ಎಂದಳು. ಅವ್ವ ನಕ್ಕಳು, ಗಟ್ಟಿಯಾಗಿ. ಆ ಅಂಗಿಯನ್ನು ತೊಳೆಯದೆಯೇ ಎರಡು ಸಲ ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿದಳು.

ಶಾಲೆ ಶುರುವಾಗಲು ಇನ್ನೊಂದು ವಾರವಿದ್ದಾಗ ಲೆನ್ ಬಂದ. ಕೈಯಲ್ಲಿ ಒಂದು ಪೆಟ್ಟಿಗೆ. ಅದರೊಳಗೆ ಅವ್ವನ ರಟ್ಟುಗಳು, ಅರ್ಧ ಬಿಚ್ಚಿದವು. ಕೆನಡಾದಲ್ಲಿ ದೊಡ್ಡ ದೊಡ್ಡ ಸಾಲ್ಮನ್ ಕಚ್ಚಿದ ಕೂಡಲೇ ಕೊಂಡಿಯ ಹತ್ತಿರ ದಾರ ಕಡಿದುಕೊಂಡು ಹೋಗಿವೆಯಂತೆ, ಒಂದಲ್ಲ ಎರಡಲ್ಲ, ದೋಣಿಗೆ ದೋಣಿ. ಉಳಿದದ್ದನ್ನೆಲ್ಲ ಹಿಂದಕ್ಕೆ ಕಳಿಸಿದ್ದಾರೆ. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಒಂದು ಕೂಸನ್ನು ಹಿಂಬಾಗಿಲ ಹಿಡಿಕೆಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡು ಒಮ್ಮೆಲೇ ಜಗ್ಗಿದ. ಟಪ್ಪೆಂದು ಹರಿಯಿತು. ಇನ್ನೊಂದು. ಟಪ್. ಮೂರನೆಯದು ನಿಂತಿತು, ನಾಲ್ಕನೆಯದು ಹರಿಯಿತು. ಅವ್ವ ಪ್ರತಿ ಸದ್ದಿಗೂ ಕಣ್ಣು ಮುಚ್ಚುತ್ತಿದ್ದಳು.

“ಕೇಳು ಅಮ್ಮನನ್ನು,” ಎಂದ ನನಗೆ. “ಬಿಗಿಯುವ ಮುಂಚೆ ಒದ್ದೆ ಮಾಡುತ್ತಿದ್ದರೇ?”

ಆಗ ಸಮಯವಿತ್ತು. ಆ ಒಂದು ಪ್ರಶ್ನೆಯನ್ನು ಇದ್ದ ಹಾಗೆ ಕನ್ನಡಕ್ಕೆ ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಬೆನ್ನ ಮೇಲೆ ಇನ್ನೊಂದು ಏಟು ಬೀಳುತ್ತಿತ್ತು, ಅಷ್ಟೆ. ನಾನು ಅವ್ವನ ಕಡೆ ತಿರುಗಿದೆ.

“ಗಟ್ಟಿಯಾಗಿ ಜಗ್ಗಿದ್ದಿಲ್ಲೇನು ಅಂತ ಕೇಳತಾನ.”

“ಜಗ್ಗೇನಿ. ಬೆರಳು ಕೆಂಪಾಗೂ ಮಟಾ ಜಗ್ಗೇನಿ.” ಅವಳು ಹರಿದ ತುಂಡೊಂದನ್ನು ಕೈಗೆ ತೆಗೆದುಕೊಂಡಳು. “ನನ್ನ ಕೈಯಾಗs ಶಕ್ತಿ ಇಲ್ಲ ಅಂತ ಹೇಳು. ತಪ್ಪು ತಿಳಕೋಬ್ಯಾಡ್ರಿ ಅಂತ ಹೇಳು.”

ಲೆನ್‌ಗೆ ನಾನು ಹೇಳಿದೆ: ಹೌದಂತೆ, ಒದ್ದೆ ಮಾಡಿದ್ದಳಂತೆ. ಅವಳ ಕೈಯಲ್ಲಿ ಶಕ್ತಿ ಇಲ್ಲವಂತೆ. ತಪ್ಪು ತಿಳಿಯಬೇಡಿ ಎನ್ನುತ್ತಿದ್ದಾಳೆ. ಅವ್ವನ ಆ ಕೊನೆಯ ಎರಡು ಮಾತನ್ನು ಮಾತ್ರ ಒಂದಕ್ಷರ ಬಿಡದೆ ಹೇಳಿದೆ.

ಲೆನ್ ಸ್ವಲ್ಪ ಹೊತ್ತು ಅವ್ವನ ಕೈಗಳನ್ನು ನೋಡಿದ. ಆ ಮೇಲೆ, ಹೋಗಲಿ ಬಿಡಿ, ಈ ಕೆಲಸ ಎಲ್ಲರಿಗೂ ಒಗ್ಗುವುದಿಲ್ಲ ಎಂದ. ಅವ್ವ ತಾನೇ ಒಳಗೆ ಹೋಗಿ ನೀಲಿ ಅಂಗಿಯನ್ನು ತಂದಳು. ಮಡಿಚಿ, ಅದರ ಮಡಿಕೆಯನ್ನು ಅಂಗೈಯಿಂದ ತೀಡಿ ಪೆಟ್ಟಿಗೆಯ ಮೇಲಿಟ್ಟಳು. ಅವನು ಹೋದ ಮೇಲೆ ಅಜ್ಜಿಯೇ ಮೊದಲು ಮಾತಾಡಿದ್ದು.

“ಅಕಿ ಕೈಗೇನಾಗೇದ? ಆ ದಾರಾನs ಸುಮಾರಿನದು ಇರಬೇಕು. ಅವಗೇನು ತಿಳೀತದ!”

ಅಜ್ಜಿ ಸೊಸೆಯ ಪರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ಅವ್ವ ಅದನ್ನು ನಂಬಲಿಲ್ಲ.

ಅವಳು ತನ್ನ ಕೈಯ ಮೇಲೆ ನಂಬಿಕೆ ಕಳೆದುಕೊಂಡಿದ್ದು ಒಂದೇ ದಿನದಲ್ಲಿ ಅಲ್ಲ. ಮೊದಲು ಗೆಜ್ಜೆವಸ್ತ್ರ ನಿಂತಿತು. ಈಸ್ಟ್ ಹ್ಯಾಮಿನ ಅಂಗಡಿಯಿಂದ ಪ್ಯಾಕೆಟ್ಟಿನಲ್ಲಿ ಬರತೊಡಗಿತು. ಮೊಸರು ಹುಳಿಯಾದರೆ, ಒಗ್ಗರಣೆ ಸೀದರೆ, ಗುಂಡಿ ಕಿತ್ತುಬಂದರೆ, “ನನ್ನ ಕೈ ಹಂಗs” ಎನ್ನುತ್ತಿದ್ದಳು. ಬೆಳಿಗ್ಗೆ ನನ್ನ ಜಡೆ ಹಾಕುತ್ತಿದ್ದವಳು ಹೆಣೆದು ಕೊನೆಗೆ ಬಂದಾಗ ನಿಲ್ಲಿಸಿ, “ರಿಬ್ಬನ್ ನೀವು ಕಟ್ಟರಿ, ನಾ ಕಟ್ಟಿದರ ಶಾಲ್ಯಾಗ ಬಿಚ್ಚಿ ಬೀಳತದ” ಎಂದು ಅಪ್ಪನನ್ನು ಕರೆಯುತ್ತಿದ್ದಳು. ಅಪ್ಪ ಕೆಲಸಕ್ಕೆ ಹೊರಟವನು ಬೂಟು ಹಾಕಿಕೊಂಡೇ ಬಂದು ನನ್ನ ರಿಬ್ಬನ್ ಕಟ್ಟಿ ಹೋಗುತ್ತಿದ್ದ. ಹಲಗೆಯ ಕೆಳಗೆ ಟವೆಲ್ ಮತ್ತೆ ಬಂತು. ಸೌತ್‌ಹಾಲಿಗೆ ನಾನೇ ಅವಳ ಜೊತೆ ಹೋಗತೊಡಗಿದೆ, ಅವಳ ಎರಡು ವಾಕ್ಯಗಳನ್ನು ನಾನೇ ಹೇಳತೊಡಗಿದೆ. ಮೇಜಿನ ಅಂಚಿನ ಕುಂಕುಮದ ಚುಕ್ಕೆಗಳನ್ನು ಯಾರೂ ಒರೆಸಲಿಲ್ಲ, ಅವು ತಾವಾಗಿಯೇ ಹೋದವು.

ಕಾಲೇಜಿನ ದಿನಗಳಲ್ಲಿ ಶನಿವಾರಗಳಂದು ನಾನು ಮೀನು ಹಿಡಿಯುವವರ ಸಾಮಾನಿನ ಅಂಗಡಿಯೊಂದರಲ್ಲಿ ನಿಂತೆ. ಬೇರೆ ಕೆಲಸ ಸಿಗುತ್ತಿತ್ತು. ನಾನೇ ಅದನ್ನು ಹುಡುಕಿಕೊಂಡು ಹೋದೆ. ಅಲ್ಲಿಯ ಮಾಲೀಕ ಒಂದು ಮಧ್ಯಾಹ್ನ ಗಿರಾಕಿಗೆ ಗಂಟು ಕಟ್ಟಿಕೊಡುವಾಗ ಅದನ್ನು ಪಕ್ಕದ ನೀರಿನ ಲೋಟದಲ್ಲಿ ಅದ್ದಿ ಎಳೆದ. ನಾನು ಕೇಳಿದೆ, ಬಾಯಿಯ ಉಗುಳೇ ಆಗಬೇಕಲ್ಲವೇ? ಅವನು ನಕ್ಕು, ದೋಣಿಯಲ್ಲಿ ಕೈ ಖಾಲಿ ಇರುವುದಿಲ್ಲವೆಂದು ಉಗುಳು, ಇಲ್ಲದಿದ್ದರೆ ನೀರು ಸಾಕು, ಒದ್ದೆಯಾದರಾಯಿತು ಎಂದ. ನಾನು ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆಗಳ ನಡುವೆ ಕೂತೆ. ನನ್ನ ಕಣ್ಣ ಮುಂದೆ ನಮ್ಮ ಕಿಟಕಿಯ ಹಲಗೆ ಇತ್ತು. ಎಂಜಲು ಬೇಡವೆಂದು, ಒದ್ದೆ ಬೇಕೆಂದು, ಆ ಎರಡಕ್ಕೂ ಉತ್ತರವಾಗಿ ಅಜ್ಜಿ ಇಟ್ಟಿದ್ದ ಬಟ್ಟಲು, ಅವ್ವ ಗಂಟು ಕಟ್ಟುತ್ತಿದ್ದ ಜಾಗದಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ಲೆನ್‌ನ ಮಾತನ್ನು ಇದ್ದ ಹಾಗೆ ಹೇಳಿದ್ದರೆ ಅಜ್ಜಿಯೇ ಆ ಬಟ್ಟಲನ್ನು ಮೇಜಿನ ಮೇಲೆ ತಂದಿಡುತ್ತಿದ್ದಳು. ಇದರಲ್ಲಿ ನನಗೆ ಸಂಶಯವಿಲ್ಲ.

ಅವತ್ತೇ ಮನೆಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಅಜ್ಜಿ ತೀರಿಕೊಂಡಾಗ ಹೇಳಬಹುದಿತ್ತು. ಲೆನ್ ಕಾರ್ಖಾನೆ ಮುಚ್ಚಿದಾಗ ಅವನ ಉಳಿದ ಕೊಂಡಿಗಳನ್ನೆಲ್ಲ ಒಟ್ಟಿಗೆ ಕೊಂಡುಕೊಂಡು ನನ್ನ ಸ್ವಂತ ವ್ಯಾಪಾರ ಶುರು ಮಾಡಿದ್ದೇ ಆ ಸಾಮಾನಿನಿಂದ. ಆಗ ಲೆನ್‌ಗೂ ಅವ್ವನಿಗೂ ಒಟ್ಟಿಗೇ ಹೇಳಬಹುದಿತ್ತು. ಇವತ್ತು ನನ್ನ ಗೋದಾಮಿನಿಂದ ಸ್ಕಾಟ್‌ಲ್ಯಾಂಡಿಗೂ ಕೆನಡಾಕ್ಕೂ ಸಾಮಾನು ಹೋಗುತ್ತದೆ. ಮಾಲು ಹಿಡಿದಿಟ್ಟು ಕಾಯುವುದು ನನಗೆ ಚೆನ್ನಾಗಿ ಬರುತ್ತದೆ. ತಕ್ಕ ಹೊತ್ತು ಬರಲಿ ಎಂದು ಇದನ್ನೂ ಹಾಗೆಯೇ ಹಿಡಿದಿಟ್ಟೆ. ನಿಮ್ಮಲ್ಲಿ ಯಾರಾದರೂ ಇಂಥದೊಂದನ್ನು ಇಟ್ಟುಕೊಂಡಿದ್ದರೆ ಇವತ್ತೇ ಹೇಳಿಬಿಡಿ. ಇದು ಕೂಡಿಟ್ಟರೆ ಬೆಲೆ ಏರುವ ಮಾಲಲ್ಲ, ಕೂಡಿಟ್ಟಷ್ಟೂ ಹೇಳುವವಳ ಬಾಯಿ ಒಣಗುತ್ತದೆ, ಅಷ್ಟೆ.

ಹೋದ ವರ್ಷ, ಒಂದು ಬೆಳಿಗ್ಗೆ. ಅಪ್ಪ ಹೋಗಿ ಬಹಳ ಕಾಲವಾಗಿತ್ತು. ಅದೇ ಮನೆಯಲ್ಲಿ ನಾನೂ ಅವ್ವನೂ. ಹೊಸ ಕಾರ್ಖಾನೆಯೊಂದರಿಂದ ದಾರದ ನಮೂನೆ ಬಂದಿತ್ತು. ಅಡಿಗೆಮನೆಯ ಮೇಜಿನ ಮೇಲೆ ಕೂತು ಗಂಟು ಹಾಕಿ ನೋಡುತ್ತಿದ್ದೆ. ರೂಢಿಯಂತೆ ಗಂಟನ್ನು ಬಾಯಿಗೆ ಹಾಕಿಕೊಂಡೆ. ಅವ್ವ ಎದುರಿಗೆ ಅವರೆಕಾಯಿ ಸುಲಿಯುತ್ತಿದ್ದಳು, ಅವಳ ಬೆರಳುಗಳು ವಯಸ್ಸಿಗೆ ನಡುಗುತ್ತಿದ್ದವು.

“ಇಷ್ಟು ದೊಡ್ಡಾಕಿ ಆಗೀಯಿ, ಎಂಜಲಾ ಮಾಡತೀಯಲ್ಲ ಗಿರಿಜಾ? ನಿನಗ ಬೆರಳು ಅವ ಅಲ್ಲ?”

ನಾನು ಹೇಳಿದೆ. ಮೊದಲಿಂದ ಕೊನೆಯವರೆಗೆ, ಅವಳ ಮುಖ ನೋಡದೆ, ಮೇಜಿನ ಅಂಚು ನೋಡುತ್ತ. ಅವರೆಕಾಯಿಯ ಸದ್ದು ಯಾವಾಗ ನಿಂತಿತೋ ಗೊತ್ತಿಲ್ಲ.

“ನೀರಾಗ ಅದ್ದಿದ್ರೂ ನಡೀತಿತ್ತೇನು?”

“ನಡೀತಿತ್ತವಾ.”

ಅವಳು ಕಿಟಕಿಯ ಕಡೆ ನೋಡಿದಳು. ಹಲಗೆಯ ಮೇಲೆ ಈಗ ಅವಳ ಔಷಧದ ಡಬ್ಬಿ, ಜಿಪಿಯ ಚೀಟಿ.

“ನಿಮ್ಮಜ್ಜಿ ಟಪಾಲಿನ ಬಟ್ಟಲಾ ಅಲ್ಲೇ ಇತ್ತಲ್ಲ.”

“ಇತ್ತು.”

ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ, ಗಾಜು ಒಡೆದರೂ, ಯಾರಾದರೂ ಸತ್ತರೂ ಅವ್ವ ಕೊನೆಗೆ ಹೇಳುವುದು ಒಂದೇ: ಇರ್ಲಿ ಬಿಡು. ಅದಕ್ಕಾಗಿ ಕಾದೆ. ಅವಳು ಹೇಳಲಿಲ್ಲ. ಅವರೆಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಇಲ್ಲೆ ಕೊಡು ದಾರಾ. ಒಂದು ಕೂಸು ಕಟ್ಟತೇನಿ.”

ಕೊಂಡಿಯ ಕಣ್ಣಿಗೆ ದಾರ ಹಾಯಿಸಲು ಅವಳಿಗೆ ಆರೇಳು ಸಲ ಬೇಕಾಯಿತು. ಸಹಾಯಕ್ಕೆ ಕೈ ಚಾಚಿದೆ, ತಳ್ಳಿದಳು. ಐದು ಸುತ್ತು ಮಾತ್ರ ಬೆರಳುಗಳಿಗೇ ನೆನಪಿದ್ದ ಹಾಗೆ ಬಂದವು. ಕುಣಿಕೆಯೊಳಗೆ, ಮತ್ತೆ ದೊಡ್ಡ ಕುಣಿಕೆಯೊಳಗೆ. ನಾನು ನೀರು ತರಲು ಎದ್ದೆ.

“ಕೂಡು,” ಎಂದಳು.

ಜೀವಮಾನವಿಡೀ ಲೋಟಕ್ಕೆ ತುಟಿ ತಾಗಿಸದವಳು ಆ ಗಂಟನ್ನು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ, ಔಷಧ ಚೀಪುವಂತೆ ಚೀಪಿ, ತೆಗೆದು ಮೆಲ್ಲಗೆ ಬಿಗಿದಳು. ನನಗೆ ಕೊಟ್ಟಳು.

“ಜಗ್ಗು.”

ಹಿಂಬಾಗಿಲ ಅದೇ ಹಿಡಿಕೆಗೆ ಸಿಕ್ಕಿಸಿದೆ. ಕೈಗೆ ಸುತ್ತಿಕೊಂಡು ಲೆನ್ ಜಗ್ಗಿದ ಹಾಗೆಯೇ ಒಮ್ಮೆಲೇ ಜಗ್ಗಿದೆ. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ. ದಾರ ನನ್ನ ಬೆರಳನ್ನು ಕೊಯ್ದಿತು. ಗಂಟು ಅಲ್ಲಾಡಲಿಲ್ಲ. ಇನ್ನೊಮ್ಮೆ ಜಗ್ಗಿದೆ, ಮತ್ತೊಮ್ಮೆ. ಅವ್ವ ಕೈ ಚಾಚಿ ಅದನ್ನು ವಾಪಸು ಕೇಳಿದಳು, ಕೊಟ್ಟೆ. ಗಂಟನ್ನು ಬೆಳಕಿಗೆ ಹಿಡಿದಳು.

“ಹಂಗಾರ ನನ್ನ ಕೈ ಛಲೋ ಇದ್ದವು,” ಎಂದಳು.

ನಾನು ಏನೂ ಹೇಳಬಾರದಿತ್ತು. ಸುಮ್ಮನಿರುವುದನ್ನು ಊರಿಗೆಲ್ಲ ಕಲಿಸುವವಳು ನಾನು.

“ತಪ್ಪಾತವಾ,” ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಕಿಟಕಿಯ ಬೆಳಕಿನಲ್ಲಿ ಆ ಗಂಟನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿದ್ದಳು, ಅವರೆಕಾಳಿಗೆಂದು ಒಲೆಯ ಮೇಲೆ ಇಟ್ಟಿದ್ದ ನೀರು ಕುದಿದು ಇಂಗುವವರೆಗೂ.